ಎಕ್ಕದ ಚಿಟ್ಟೆಗೆ ಅವಸರವಿಲ್ಲ ಏಕೆ

ಲೋಕ ಇನ್ನೂ ಹಸಿಯಾಗಿತ್ತು. ಅದನ್ನು ದೇವರು ಮಾಡಿದನೋ, ತಾನಾಗಿಯೇ ಆಯಿತೋ ಎಂಬ ಜಗಳ ಆಗಿನ್ನೂ ಹುಟ್ಟಿರಲಿಲ್ಲ.

ಆಗ ಕೆಂಚಿ ಎಂಬ ಕಿತ್ತಳೆ ಬಣ್ಣದ ಚಿಟ್ಟೆ ಇದ್ದಳು. ಅವಳು ಎಲ್ಲಿ ಮೊಟ್ಟೆಯಿಟ್ಟರೂ ಕಾಜಾಣ ಹಕ್ಕಿ ಬಂದು ಮರಿಗಳನ್ನು ಹೆಕ್ಕಿ ತಿನ್ನುತ್ತಿದ್ದ. ಮೊದಲು ನುಂಗುವುದು, ಆಮೇಲೆ ಯೋಚಿಸುವುದು ಅವನ ರೂಢಿ.

ಈಗ ಕೆಂಚಿಗೆ ಉಳಿದದ್ದು ಕಡೆಯ ಒಂದೇ ಮೊಟ್ಟೆ.

"ಗಾಳಿಯಣ್ಣಾ, ಯಾರೂ ಬಾಯಿ ಹಾಕದ ಗಿಡ ಯಾವುದು?"

"ಎಕ್ಕ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಆ ಆಡೇ ದೂರ ನಿಂತಿದೆ ನೋಡು."

ಕೆಂಚಿ ಬಂದದ್ದು ಕಂಡು ಎಕ್ಕ ನಕ್ಕಿತು. "ಇಲ್ಲಿ ಮೊಟ್ಟೆ ಇಡ್ತೀಯೇನೇ? ನನ್ನ ಹಾಲು ಹೊಟ್ಟೆಯಲ್ಲಿ ಸುಮ್ಮನಿರೋದಿಲ್ಲ. ಎದೆಗೆ ಹೋಗಿ ಗುಂಡಿಗೆಯ ತಾಳ ಕೆಡಿಸುತ್ತೆ. ಗುಂಡಿಗೆ ಒಮ್ಮೆ ಓಡುತ್ತೆ, ಒಮ್ಮೆ ಮುಗ್ಗರಿಸುತ್ತೆ. ಹೆಚ್ಚು ಕುಡಿದರೆ ನಿಂತೇ ಹೋಗುತ್ತೆ."

"ಯಾರ ಗುಂಡಿಗೆ?"

"ಯಾರದಾದರೂ. ನಾನು ಜಾತಿ ಕೇಳೋದಿಲ್ಲ."

"ನನ್ನ ಮಗುವಿನದೂ?"

"ಗೊತ್ತಿಲ್ಲ. ಇಲ್ಲಿಯವರೆಗೆ ಯಾರೂ ಇಲ್ಲಿ ಸಂಸಾರ ಹೂಡಲು ಬಂದಿಲ್ಲ."

ಕೆಂಚಿ ಯೋಚಿಸಿದಳು. ಕಾಜಾಣದ ಕೊಕ್ಕು ಖಂಡಿತ, ಎಕ್ಕದ ಹಾಲು ಅನುಮಾನ. ಅನುಮಾನವೇ ವಾಸಿ ಎಂದು ಎಲೆಯಡಿಯಲ್ಲಿ ಮೊಟ್ಟೆಯಿಟ್ಟಳು.

ಮರಿಹುಳು ಹೊರಬಂತು, ಹಸಿವು ಹಸಿವು ಎಂದಿತು.

"ತಾಳು ಮಗಳೇ," ಎಂದಳು ಕೆಂಚಿ. "ಮೊದಲು ಎಲೆಯ ನರ ಕಚ್ಚು. ಹಾಲು ಸುರಿದುಹೋಗಲಿ. ಆಮೇಲೆ ತಿನ್ನು."

ಮಗಳು ನರ ಕಚ್ಚಿದಳು, ಹಾಲು ಸುರಿಯಿತು, ಎಲೆ ತಿಂದಳು. ಕೆಂಚಿ ಕಣ್ಣು ಮಿಟುಕಿಸದೆ ಕಾದಳು. ಮಗಳ ಗುಂಡಿಗೆ ತಾಳ ತಪ್ಪಲಿಲ್ಲ. ಎಲೆಯಲ್ಲಿ ಉಳಿದ ಹಾಲು ಅವಳ ಮೈಯಲ್ಲೇ ಸದ್ದಿಲ್ಲದೆ ಸೇರಿಕೊಂಡಿತು.

ಮಗಳಿಗೆ ರೆಕ್ಕೆ ಮೂಡಿತು. ಹಿಂದೆಯೇ ಕಾಜಾಣ ಬಂದ. "ಏನಮ್ಮ, ಈ ಸಲ ಎಕ್ಕದ ಮನೆ ಅಡುಗೆಯಾ?"

"ಬೇಡ ಕಣಣ್ಣ, ಎದೆಗೆ ಹತ್ತುತ್ತೆ."

"ಎಲ್ಲ ತಾಯಂದಿರೂ ಹೀಗೇ ಹೇಳ್ತಾರೆ," ಎಂದು ಮಗಳ ರೆಕ್ಕೆಗೆ ಕೊಕ್ಕು ಹಾಕಿದ. ರೆಕ್ಕೆಯ ತುದಿ ಹರಿದು ಗಂಟಲಿಗಿಳಿಯಿತು. ಮೊದಲು ಕಹಿ. ಆಮೇಲೆ ಎದೆಯಲ್ಲಿ ಡುಬುಡುಬುಡುಬು... ಡುಬು... ಮತ್ತೆ ಡುಬುಡುಬು. ಕಾಜಾಣ ಕೊಂಬೆಯಿಂದ ಉರುಳಿ, ನುಂಗಿದ್ದನ್ನೆಲ್ಲ ಕಕ್ಕಿ, ಕಣ್ಣು ಮೇಲೆ ಮಾಡಿ ಬಿದ್ದುಕೊಂಡ.

"ಓಡೇ!" ಎಂದು ಕಿರುಚಿದಳು ಕೆಂಚಿ.

ಮಗಳು ಮೆಲ್ಲಗೆ ಮೇಲೆದ್ದಳು. "ನಾನ್ಯಾಕವ್ವ ಓಡಲಿ? ಅವನ ಗುಂಡಿಗೆ ಓಡ್ತಿದೆಯಲ್ಲ, ಸಾಕು."

ಇವತ್ತಿಗೂ ರೈಲುಹಳಿಯ ಪಕ್ಕದ ಎಕ್ಕದ ಮೇಲೆ ಕಿತ್ತಳೆ ಚಿಟ್ಟೆ ಯಾವ ಅವಸರವೂ ಇಲ್ಲದೆ ತೇಲುತ್ತಿರುತ್ತದೆ, ತಂತಿಯ ಮೇಲಿನ ಕಾಜಾಣ ಕಂಡೂ ಕಾಣದಂತೆ ಬೇರೆ ಕಡೆ ನೋಡುತ್ತಿರುತ್ತದೆ.