ಕಲೆ ಬೀಳದ ಶಾಲು

ಚಿಲುಮೆದುರ್ಗ ಯಾವ ದಿಕ್ಕಿಗಿದೆ ಅಂತ ಕೇಳಬೇಡಿ, ಕತೆ ಕೇಳಿ. ಅಲ್ಲಿನ ದೊರೆ ಸೂರಪ್ಪನಾಯಕನ ಆಸ್ಥಾನದಲ್ಲಿ ಶಂಭುಭಟ್ಟರೆಂಬ ಆಚಾರ್ಯರಿದ್ದರು. ಹೆಗಲ ಮೇಲೆ ಹಾಲಿನಂಥ ಬಿಳಿ ಶಾಲು, ಬಾಯಿ ತುಂಬ ಜಂಬ.

“ಬೆಂಕಿ, ನೀರು, ಗಾಳಿ, ಮಣ್ಣು, ಯಾವುದರ ಬಗ್ಗೆ ಬೇಕಾದರೂ ಕೇಳಿ,” ಅಂದರು ಒಂದು ದಿನ ತುಂಬಿದ ಸಭೆಯಲ್ಲಿ. “ನನ್ನ ಉತ್ತರ ತಪ್ಪಿದ್ದಿಲ್ಲ, ನನ್ನ ಶಾಲಿಗೆ ಕಲೆ ಬಿದ್ದಿದ್ದಿಲ್ಲ. ಆದರೆ ದೊರೆಗಳೇ, ನಿಮ್ಮ ಮಕ್ಕಳು ನನ್ನ ಪಾಠದಲ್ಲಿ ಗೊರಕೆ ಹೊಡೆಯುತ್ತಾರೆ! ಇಬ್ಬರನ್ನೂ ಬೆಟ್ಟದ ಮೇಲಿನ ನನ್ನ ಮಠಕ್ಕೆ ಕಳಿಸಿಬಿಡಿ. ಹನ್ನೆರಡು ವರ್ಷ ಆಟವಿಲ್ಲ, ನಗುವಿಲ್ಲ, ಮನೆಯ ಸುದ್ದಿಯಿಲ್ಲ. ಪಂಡಿತರಾಗಿಯೇ ಕೆಳಗಿಳಿಯುತ್ತಾರೆ.”

ಕಂಬದ ಹಿಂದೆ ನಿಂತು ಕೇಳುತ್ತಿದ್ದ ದೊರೆಯ ಮಗಳು ಪುಟ್ಟ ಚೆನ್ನಾಜಿ ಗೊಳೋ ಅಂತ ಅತ್ತಳು. ಅಕ್ಕ ಅತ್ತಳಲ್ಲ ಅಂತ ತಮ್ಮ ರಂಗಪ್ಪ ಇನ್ನೂ ಜೋರಾಗಿ ಅತ್ತ.

ಆಸ್ಥಾನದ ವಿದೂಷಕ ಮುದ್ದರಸ ಥಟ್ಟನೆ ಮುಂದೆ ಬಂದ. ದಿನಾ ಸಂಜೆ ಆ ಎರಡು ಮಕ್ಕಳಿಗೂ ಕುದುರೆಯಾಗಿ ಅರಮನೆ ತುಂಬ ಓಡುತ್ತಿದ್ದವನು ಅವನೇ.

“ದೊರೆಗಳೇ, ಆಟದಲ್ಲೇ ಪಾಠ ಹೇಳಿದರೆ ಆಗದೇ?” ಅಂದ.

“ಆಟದಲ್ಲಿ ಪಾಠವೇ!” ಆಚಾರ್ಯರು ಕೆಂಡಾಮಂಡಲವಾದರು. “ಹೂಡು ಆ ಆಟ, ನಾಳೆ ನಾನೇ ಆಡುತ್ತೇನೆ. ಈ ಶಾಲಿಗೆ ಒಂದೇ ಒಂದು ಕಲೆ ಬೀಳಲಿ, ಮಕ್ಕಳ ತಂಟೆಗೆ ಬರುವುದಿಲ್ಲ. ಬೀಳದಿದ್ದರೆ ಸಂಜೆಯೇ ಇಬ್ಬರೂ ಬೆಟ್ಟಕ್ಕೆ!”

“ಆಗಲಿ,” ಅಂದ ದೊರೆ. ಮಕ್ಕಳನ್ನು ಬಿಟ್ಟಿರುವುದು ಅವನಿಗೂ ಇಷ್ಟವಿರಲಿಲ್ಲ, ಆಚಾರ್ಯರಿಗೆ ಎದುರು ಹೇಳುವ ಧೈರ್ಯವೂ ಇರಲಿಲ್ಲ.

ಮಾರನೆಯ ದಿನ ಅರಮನೆಯ ಅಂಗಳದಲ್ಲಿ ಮುದ್ದರಸ ದೊಡ್ಡದೊಂದು ಚೌಕಾಬಾರ ಬರೆದ. ಒಂದೊಂದು ಮನೆಯಲ್ಲೂ ಅಂಬಲಿಯದೋ ಕೆಸರಿನದೋ ಒಂದೊಂದು ಗಡಿಗೆ, ಕೊನೆಯದರಲ್ಲಿ ಮಾತ್ರ ಎರಡು.

“ಕಾಯಿ ಬೇರೆ ಇಲ್ಲ, ನಾವೇ ಕಾಯಿ,” ಅಂತ ವಿವರಿಸಿದ. “ಕವಡೆ ಹಾಕಿ, ಬಿದ್ದಷ್ಟು ಮನೆ ನಡೆಯಿರಿ. ನಿಂತ ಮನೆಯಲ್ಲಿ ಎದುರಾಳಿ ಒಂದು ಪ್ರಶ್ನೆ ಕೇಳುತ್ತಾರೆ. ಸರಿ ಹೇಳಿದರೆ ಬಚಾವ್. ತಪ್ಪಿದರೆ ಆ ಮನೆಯ ಗಡಿಗೆ ತಲೆಯ ಮೇಲೆ ಬೋರಲು! ಕೊನೆಯ ಮನೆಯಲ್ಲಿ ಮಾತ್ರ ಎಲ್ಲರೂ ನಿಲ್ಲಲೇಬೇಕು. ಅದನ್ನು ದಾಟಿದವರು ಹಣ್ಣು, ಅಂದರೆ ಗೆದ್ದ ಹಾಗೆ.”

“ನಿಲ್ಲು,” ಅಂದರು ಆಚಾರ್ಯರು. “ಬಾಯಲ್ಲಿ ಒದರಿದರೆ ಸಾಲದು. ಪ್ರಮಾಣ ಬೇಕು! ಯಾವ ವಸ್ತುವಿನ ಮೇಲೆ ಪ್ರಶ್ನೆಯೋ ಅದೇ ವಸ್ತುವಿನ ಮೇಲೆ ಉತ್ತರವನ್ನು ಮಾಡಿ ತೋರಿಸಬೇಕು. ತೋರಿಸದಿದ್ದರೆ ತಪ್ಪು ಅಂತಲೇ ಲೆಕ್ಕ.”

“ಅಯ್ಯಯ್ಯೋ, ಮಕ್ಕಳಿಗೆ ಕಷ್ಟವಾಗುತ್ತದಲ್ಲ ಆಚಾರ್ಯರೇ!” ಅಂತ ಮುದ್ದರಸ ತಲೆ ಮೇಲೆ ಕೈ ಹೊತ್ತ. ಒಳಗೊಳಗೇ ಅವನಿಗೆ ಕುಣಿಯುವಷ್ಟು ಖುಷಿ. ಹೀಗೆ ಅಂದೇ ಅನ್ನುತ್ತಾರೆ ಅಂತ ಅವನಿಗೆ ಗೊತ್ತಿತ್ತು.

ಗಡಿಗೆಗಳನ್ನು ನೋಡಿ ದೊರೆಗೆ ತಡೆಯಲಾಗಲಿಲ್ಲ. ಪಂಚೆ ಎತ್ತಿ ಕಟ್ಟಿ, “ನನಗೂ ಕವಡೆ ಕೊಡ್ರೋ!” ಅಂತ ಇಳಿದೇಬಿಟ್ಟ.

ಎರಡನೆಯ ಮನೆಯಲ್ಲಿ ರಂಗಪ್ಪ ಅಡ್ಡ ನಿಂತ. “ಅಪ್ಪಾಜಿ, ಕಿತ್ತಳೆಹಣ್ಣು ನೀರಲ್ಲಿ ತೇಲುತ್ತೆ. ಸಿಪ್ಪೆ ಸುಲಿದು ಬಿಟ್ಟರೆ?”

“ಸುಲಿದರೆ ಹಗುರಾಯಿತಲ್ಲೋ ಮಗನೇ, ಇನ್ನೂ ಚೆನ್ನಾಗಿ ತೇಲುತ್ತೆ!”

ಸುಲಿದು ಬಿಟ್ಟರು. ಹಣ್ಣು ಬುಳಕ್ಕನೆ ತಳ ಸೇರಿತು.

“ತೇಲಿಸ್ತಿದ್ದದ್ದು ಸಿಪ್ಪೆಯೊಳಗಿನ ಗಾಳಿ!” ಅಂತ ರಂಗಪ್ಪ ಕೇಕೆ ಹಾಕಿದ. ಬೆಳಗಿನಿಂದ ಹಿತ್ತಲಲ್ಲಿ ಬುಟ್ಟಿಗಟ್ಟಲೆ ಕಿತ್ತಳೆ ಮುಳುಗಿಸಿ ಕಂಡುಕೊಂಡಿದ್ದ ಅವನು. ಒಂದು ಗಡಿಗೆ ರಾಗಿ ಅಂಬಲಿ ದೊರೆಯ ತಲೆಯಿಂದ ಮೀಸೆಗಿಳಿಯಿತು. ದೊರೆ ಮೀಸೆ ನೆಕ್ಕಿ, “ಉಪ್ಪು ಕಡಿಮೆ,” ಅಂದ. ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು.

ಆಚಾರ್ಯರು ಮಾತ್ರ ಜಗ್ಗಲಿಲ್ಲ. ಉರಿಯುವ ದೀಪದ ಮೇಲೆ ತಂಬಿಗೆ ಕವುಚಿದರೆ? “ಗಾಳಿಯಿಲ್ಲದೆ ಆರುತ್ತದೆ.” ಕವುಚಿ ತೋರಿಸಿದರು. ಕೇಳಿದ್ದಕ್ಕೆಲ್ಲ ಉತ್ತರ, ಉತ್ತರಕ್ಕೆಲ್ಲ ಪ್ರಮಾಣ. ಮಜ್ಜಿಗೆ, ಬೂದಿನೀರು, ಕೆಸರು, ಎಲ್ಲ ಗಡಿಗೆಗಳೂ ಹಾಗೇ ಉಳಿದವು. ಶಾಲು ಫಳಫಳ ಹೊಳೆಯುತ್ತಲೇ ಇತ್ತು. ಚೆನ್ನಾಜಿಯ ಕಣ್ಣಲ್ಲಿ ನೀರಾಡಿತು.

ಆಚಾರ್ಯರು ಕೊನೆಯ ಮನೆಗೆ ಬಂದು ನಿಂತರು. ಅಲ್ಲಿ ಎರಡು ಗಡಿಗೆ. ಒಂದರಲ್ಲಿ ಅರಿಶಿನದ ನೀರು, ಇನ್ನೊಂದರಲ್ಲಿ ಸುಣ್ಣದ ತಿಳಿ.

ಕೇಳುವ ಸರದಿ ಚೆನ್ನಾಜಿಯದು. ಮುದ್ದರಸ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳು ಮೂಗು ಒರೆಸಿಕೊಂಡು ಮುಂದೆ ಬಂದಳು.

“ಆಚಾರ್ಯರೇ, ನಿಮ್ಮ ಶಾಲಿನ ಮೇಲೆ ಅರಿಶಿನದ ನೀರು ಹಾಕಿ, ಆಮೇಲೆ ಸುಣ್ಣದ ತಿಳಿ ಹಾಕಿದರೆ ಯಾವ ಬಣ್ಣ ಬರುತ್ತೆ?”

“ಕೆಂಪು!” ಆಚಾರ್ಯರು ಗಹಗಹಿಸಿದರು. “ಆರತಿ ತಟ್ಟೆಯ ನೀರು ಕೆಂಪಾಗುವುದು ಹೇಗಂದುಕೊಂಡೆ? ಇಷ್ಟೇನಾ? ನಡೆಯಿರಿ ಬೆಟ್ಟಕ್ಕೆ!”

“ಪ್ರಮಾಣ?” ಅಂದಳು ಚೆನ್ನಾಜಿ.

ಆಚಾರ್ಯರ ನಗು ಅಲ್ಲೇ ನಿಂತಿತು. ಎರಡೂ ಕೈಯಲ್ಲಿ ಶಾಲು ಅವಚಿಕೊಂಡು, “ಬೇರೆ ಬಟ್ಟೆ ತನ್ನಿ,” ಅಂದರು.

“ಕೇಳಿದ ವಸ್ತುವಿನ ಮೇಲೆಯೇ ತೋರಿಸಬೇಕು ಅಂದವರು ತಾವೇ ಅಲ್ಲವೇ?” ಅಂದ ಮುದ್ದರಸ.

“ನಾನು... ನಾನು ತೋರಿಸದಿದ್ದರೆ?”

“ತೋರಿಸದಿದ್ದರೆ ಉತ್ತರ ತಪ್ಪು. ಎರಡು ಗಡಿಗೆಯೂ ತಲೆಯ ಮೇಲೆ. ಶಾಲು ಹೇಗೂ ಹೋಯಿತು ಸ್ವಾಮೀ, ಉತ್ತರವನ್ನಾದರೂ ಉಳಿಸಿಕೊಳ್ಳಿ.”

ಆಚಾರ್ಯರು ಆಕಾಶ ನೋಡಿದರು, ದೊರೆಯನ್ನು ನೋಡಿದರು. ದೊರೆ ಮೀಸೆಯ ಅಂಬಲಿ ಒರೆಸಿಕೊಳ್ಳುತ್ತ ಆಚೆ ತಿರುಗಿದ. ಕೊನೆಗೆ ಆಚಾರ್ಯರು ಕಣ್ಣು ಮುಚ್ಚಿ ಎರಡೂ ಗಡಿಗೆಯನ್ನು ತಮ್ಮ ಕೈಯಾರೆ ಶಾಲಿನ ಮೇಲೆ ಸುರಿದುಕೊಂಡರು. ಶಾಲು ಮೊದಲು ಹಳದಿಯಾಯಿತು, ಆಮೇಲೆ ಕೆಂಪೆಂದರೆ ಕಡುಗೆಂಪು!

“ಹಣ್ಣು! ಆಚಾರ್ಯರು ಹಣ್ಣು!” ಅಂತ ಮಕ್ಕಳು ಕುಣಿದು ಮುದ್ದರಸನ ಹೆಗಲೇರಿದರು. ದೊರೆ ಹೊಟ್ಟೆ ಹಿಡಿದುಕೊಂಡು ನಗುತ್ತ ಕೈಯ ಚಿನ್ನದ ಕಡಗ ತೆಗೆದು ಅವನಿಗೆ ತೊಡಿಸಿದ. “ಮಕ್ಕಳು ಎಲ್ಲಿಗೂ ಹೋಗುವುದಿಲ್ಲ. ನಾಳೆಯೂ ಇದೇ ಪಾಠ, ಅಂಬಲಿಗೆ ಉಪ್ಪು ಸರಿಯಾಗಿ ಹಾಕಿಸು!”

ಆಚಾರ್ಯರು ತೊಟ್ಟಿಕ್ಕುವ ಶಾಲು ಎತ್ತಿ ಹಿಡಿದು ಕೂಗಿದರು, “ಇದೆಂಥ ಅನ್ಯಾಯ ಮುದ್ದರಸ? ನನ್ನ ಉತ್ತರ ಸರಿಯಾಗಿಯೇ ಇತ್ತಲ್ಲ!”

ಮುದ್ದರಸ ಕೈ ಮುಗಿದ. “ಸರಿಯಾಗಿದ್ದಕ್ಕೇ ಕೆಂಪಾದಿರಿ ಆಚಾರ್ಯರೇ. ತಪ್ಪಾಗಿದ್ದರೆ ಹಳದಿಯಾಗಿಯೇ ಮನೆಗೆ ಹೋಗುತ್ತಿದ್ದಿರಿ.”