ಅರಿಶಿನದ ಕಣದಲ್ಲಿ ಹಳದಿ ಕಣ್ಣು

"ನಮಗೆ ಒಳ್ಳೆಯದಾಗಲಿ ಎಂದು ಬಯಸದವರಿಂದ ನಮಗೆ ಒಳ್ಳೆಯದಾದರೆ, ಅವರಿಗೂ ನಾವು ಋಣಿಗಳೇ ಗುರುಗಳೇ?" ಎಂದು ಶಿಷ್ಯ ಗುರುಪಾದ ಕೇಳಿದ.

ಅವನು ಹಾಗೆ ಕೇಳಲು ಕಾರಣವಿತ್ತು. ಅವನಿಗೆ ಬಹಳ ದಿನಗಳಿಂದ ಕೆಮ್ಮು ಇತ್ತು. ಸಂಜೆಯಾದರೆ ಸಣ್ಣ ಜ್ವರ ಬರುತ್ತಿತ್ತು, ಮೈ ಇಳಿಯುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಜೊತೆಯ ಶಿಷ್ಯನೊಬ್ಬ ಎಲ್ಲರೆದುರು, "ಇವನ ಕೆಮ್ಮಿನಲ್ಲಿ ಪಾಠವೇ ಕೇಳಿಸುವುದಿಲ್ಲ" ಎಂದು ಅಣಕಿಸಿದ್ದ. ಅದರಿಂದ ಗುರುಗಳಿಗೆ ತಿಳಿದು, ಆಸ್ಪತ್ರೆಗೆ ಕಳುಹಿಸಿದ್ದರು. ಶ್ವಾಸಕೋಶದಲ್ಲಿ ಕ್ಷಯ ಆಗತಾನೇ ಬೇರೂರುತ್ತಿತ್ತು. ನಡುವೆ ಬಿಡದೆ ಮಾತ್ರೆ ನುಂಗಿ ಅವನು ಗುಣವಾಗಿದ್ದ. ರೋಗ ಹೋಗಿತ್ತು, ಅಣಕದ ಸಿಟ್ಟು ಉಳಿದಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತ ಅರಿಶಿನ ಬೆಳೆಯುತ್ತಿದ್ದ. ಅರಿಶಿನವನ್ನು ಕಿತ್ತ ಮೇಲೆ ಬೇಯಿಸಬೇಕು, ಒಣಗಿಸಬೇಕು, ಉಜ್ಜಿ ಹೊಳಪು ಬರಿಸಬೇಕು. ಆ ದಿನಗಳಲ್ಲಿ ಅವನ ಮನೆಯವರ ಕೈ, ಬಟ್ಟೆ, ಹಣೆ ಎಲ್ಲವೂ ಹಳದಿ. ಕೊಂಬು ಮಾರಾಟವಾಗುವವರೆಗೆ ಆ ಹಳದಿಯನ್ನು ಉಜ್ಜಿ ತೊಳೆಯಬಾರದು, ತೊಳೆದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ಅವರು ನಂಬಿದ್ದರು.

ಆ ವರ್ಷ ರೈತನಿಗೆ ಊಟ ಸೇರಲಿಲ್ಲ. ಒಗ್ಗರಣೆಯ ವಾಸನೆಗೇ ವಾಕರಿಕೆ ಬರುತ್ತಿತ್ತು. ಬಲಗಡೆ ಪಕ್ಕೆಲುಬಿನ ಕೆಳಗೆ ಭಾರವೆನಿಸುತ್ತಿತ್ತು. ಅರಿಶಿನ ಬೇಯಿಸುವ ಒಲೆಯ ಮುಂದೆ ನಿಂತು ಉಷ್ಣವಾಗಿದೆ ಎಂದುಕೊಂಡ. ಮೂತ್ರ ಕಡು ಹಳದಿಯಾಯಿತು, ಅದಕ್ಕೂ ಉಷ್ಣವೇ ಕಾರಣ ಎಂದುಕೊಂಡ. ಅವನ ಮುಖ ನೋಡಿದವರು, "ಲಕ್ಷ್ಮಿ ನಿನ್ನ ಮುಖದಲ್ಲೇ ಕೂತಿದ್ದಾಳೆ" ಎಂದು ಹೊಗಳಿದರು. ಎಲ್ಲರೂ ಹಳದಿಯಾಗಿರುವ ಕಣದಲ್ಲಿ ಒಬ್ಬನ ಹಳದಿ ಬೇರೆ ಎಂದು ಯಾರಿಗೂ ಹೊಳೆಯಲಿಲ್ಲ. ಹೆಂಡತಿಗೂ ಹೊಳೆಯಲಿಲ್ಲ.

ಕೊನೆಯ ಹಂಡೆ ಇಳಿಸಿದ ದಿನ ಆಳುಗಳೊಂದಿಗೆ ಕೂತು ಹೆಂಡ ಕುಡಿಯುವುದು ಅವನ ವಾಡಿಕೆ. ಆ ದಿನ ಬಂತು. ಹೆಂಡದ ಗಡಿಗೆಗಳೂ ಬಂದವು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬೇಲಿಯ ಬಳಿ ಬಂದು ನಿಂತಳು. ಅವನ ಒಲೆಯ ಹೊಗೆ ಅವಳ ಅಂಗಳಕ್ಕೆ ನುಗ್ಗುತ್ತಿತ್ತು. ಅದಕ್ಕಾಗಿ ಎರಡು ಮನೆಗಳಿಗೂ ಮಾತಿರಲಿಲ್ಲ, ಬೈಗುಳ ಮಾತ್ರ ಇತ್ತು.

"ಏನಯ್ಯಾ, ನನ್ನ ಸಂಡಿಗೆಯೆಲ್ಲ ಮಸಿ ಮಾಡಿದೆಯಲ್ಲ! ಮೊದಲು ನಿನ್ನ ಮುಖ ನೋಡ್ಕೋ. ಕಣ್ಣು ಮುದಿ ಬೆಕ್ಕಿನ ಕಣ್ಣಾಗಿದೆ. ಅರಿಶಿನ ಕೈಗೆ ಹತ್ತುತ್ತೆ, ಕಣ್ಣುಗುಡ್ಡೆಗೂ ಹತ್ತುತ್ತಾ?"

"ನನ್ನ ಕಣ್ಣಿನ ಉಸಾಬರಿ ನಿನಗ್ಯಾಕೆ ತಾಯಿ? ಹೋಗು, ಸಂಡಿಗೆ ಕಾಯಿ" ಎಂದ ರೈತ.

ಆಳುಗಳು ನಕ್ಕರು. ಅವನ ಹೆಂಡತಿ ನಗಲಿಲ್ಲ. ಗಂಡನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಕಣ್ಣು ನೋಡಿದಳು. ಗಡಿಗೆಗಳನ್ನು ಅಲ್ಲೇ ಬಿಟ್ಟು ಅವನನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋದಳು.

ವೈದ್ಯರು ರಕ್ತ ಪರೀಕ್ಷಿಸಿ, ಅವನು ಕುಡಿಯುವ ನೀರು ಎಲ್ಲಿಯದೆಂದು ವಿಚಾರಿಸಿ ಹೇಳಿದರು: "ಇದು ಕಾಮಾಲೆ. ಹೊಲದ ಗುಂಡಿಯ ಹೊಲಸು ನೀರು ಕುಡಿದು ಬಂದಿದೆ. ಯಕೃತ್ತು, ಅಂದರೆ ನಿನ್ನ ಬಲಪಕ್ಕೆಯ ಒಳಗಿರುವ ಅಂಗ, ಊದಿಕೊಂಡಿದೆ. ಹೆಂಡ ಅದಕ್ಕೆ ವಿಷ. ಇವತ್ತು ಕುಡಿದಿದ್ದರೆ ನಿನ್ನನ್ನು ಉಳಿಸುತ್ತೇನೆಂದು ನಾನು ಮಾತು ಕೊಡುತ್ತಿರಲಿಲ್ಲ. ಕಾಯಿಸಿದ ನೀರು ಕುಡಿ, ಹಗುರಾಗಿ ಉಣ್ಣು, ಮಲಗು. ಕೈಗೆ ಬರೆ ಹಾಕಿಸಬೇಡ, ಯಾರೋ ಕೊಟ್ಟ ಪುಡಿ ನುಂಗಬೇಡ. ಯಕೃತ್ತು ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ. ನೀನು ಅದಕ್ಕೆ ಅಡ್ಡ ಬರಬೇಡ, ಅಷ್ಟೇ. ಆಗಾಗ ಬಂದು ತೋರಿಸು."

ರೈತ ಹಾಗೆಯೇ ನಡೆದುಕೊಂಡ. ನಿಧಾನವಾಗಿ ವಾಕರಿಕೆ ನಿಂತಿತು, ಮೂತ್ರ ತಿಳಿಯಾಯಿತು, ಕಣ್ಣು ಬೆಳ್ಳಗಾಯಿತು. ಹಸಿವು ಮರಳಿ ಬಂದ ದಿನ ಅವನು ಒಲೆಯನ್ನು ಕಿತ್ತು ಕಣದ ಆಚೆ ಬದಿಗೆ ಹಾಕಿದ. ಆಮೇಲೆ ತನ್ನ ಬೆಳೆಯಲ್ಲೇ ಒಳ್ಳೆಯ ಕೊಂಬುಗಳನ್ನು ಆರಿಸಿ ಮೊರದಲ್ಲಿಟ್ಟುಕೊಂಡು ಪಕ್ಕದ ಮನೆಗೆ ಹೋದ.

ಆಕೆ ಮೊರವನ್ನು ಮುಟ್ಟಲಿಲ್ಲ. "ನಾನು ನಿನ್ನ ಒಳ್ಳೇದಕ್ಕೆ ಹೇಳಿದ್ದಲ್ಲಪ್ಪ. ಬೈಯೋಕೆ ಬೇರೇನೂ ಸಿಗಲಿಲ್ಲ, ಕಣ್ಣಿನ ಮಾತೆತ್ತಿದೆ" ಎಂದಳು.

"ಗೊತ್ತಮ್ಮ. ಆದರೆ ಇವತ್ತು ಎರಡು ಮುದ್ದೆ ಉಂಡೆ, ರುಚಿ ಸಿಕ್ತು. ಮೊದಲು ಯಾರಿಗೆ ಹೇಳೋಣ ಅಂದಾಗ ನೀನೇ ನೆನಪಾದೆ" ಎಂದು ರೈತ ಕೈಮುಗಿದ.

ಆಕೆ ಮೊರ ತೆಗೆದುಕೊಂಡಳು.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು. ಗುರುಪಾದನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ಆಗ ಅವಳ ಮನಸ್ಸಿನಲ್ಲಿ ಇದ್ದದ್ದು ದ್ವೇಷವೇ ಅಲ್ಲವೇ?" ಎಂದ.

ಗುರುಗಳು ಹೇಳಿದರು: "ಅವಳ ಮನಸ್ಸಿನಲ್ಲಿ ಏನಿತ್ತೆಂದು ಅವನ ಯಕೃತ್ತು ಕೇಳಲಿಲ್ಲ ಮಗು, ಕೇಳುತ್ತಿರುವವನು ನೀನು."