ನೀರು ಬಂತು, ಮಾಳಪ್ಪ!

ನಗೋರು ನಗ್ರಪ್ಪ, ಆದ್ರೆ ಒಂದು ಕೈ ಎದೆ ಮೇಲಿಟ್ಕೊಂಡೇ ನಗ್ರಿ. ಈ ಕತೇಲಿ ನೀರು ಬಹಳ ಇದೆ.

ನಮ್ಮೂರಲ್ಲಿ ನಲ್ಲಿ ನೀರು ಎಂಟು ದಿನಕ್ಕೊಮ್ಮೆ, ಅದೂ ಅರ್ಧ ತಾಸು. ಇಲ್ಲಿ ಹಾಲಮ್ಮಂಗೆ ಒಬ್ಬನೇ ಮಗ, ಮಾಳಪ್ಪ. ಆಳು ನೋಡಿದ್ರೆ ಆನೆ, ಬುದ್ಧಿ ನೋಡಿದ್ರೆ ಸೊನ್ನೆ. ಒಂದಿನ ಕೇರಿಯೋರೆಲ್ಲ "ನೀರು ಬಂತು! ನೀರು ಬಂತು!" ಅಂತ ಕೂಗಿದ್ರು. ಇವನು ಹೊರಗೆ ಹೋಗಿ ಕೈಕಟ್ಕೊಂಡು ನೋಡಿದ, ಒಳಗೆ ಬಂದ. "ಹೌದವ್ವ, ಬಂದಿದೆ!"

ಹಾಲಮ್ಮ ಹಣೆ ಹಣೆ ಚಚ್ಕೊಂಡ್ಲು. "ಪೆದ್ದು ಮುಂಡೇದೇ! ನೀರು ಬಂತು ಅಂದ್ರೆ ಸಿಕ್ಕಿದ್ದು ಎತ್ಕೊಂಡು ಹಿಡಿಯೋಕೆ ಓಡಬೇಕು ಕಣೋ!"

"ಆಗಲಿ ಅವ್ವ."

ಇವನಕ್ಕ ರೇವತಿ ಹುಡುಗೀರ ಡೊಳ್ಳಿನ ತಂಡ ಕಟ್ಟಿದ್ಲು. ಆ ತಂಡಕ್ಕೆ ಇಟಲಿಯ ವೆನಿಸ್‌ನಿಂದ ಕರೆ ಬಂತು. ಡೊಳ್ಳು ಹೊರೋಕೆ ಒಂದಾಳು ಬೇಕು, ಮಾಳಪ್ಪ ಹೊರಟ. ಆ ಊರಲ್ಲಿ ಬೀದಿ ತುಂಬ ನೀರಂತೆ ಅಂತ ಕೇಳಿ ಹಾಲಮ್ಮ ಬೆಚ್ಚಿದ್ಲು. ಮಕ್ಕಳಿಬ್ಬರಿಗೂ ಈಜು ಬಾರದು. ನಮ್ಮೂರಲ್ಲಿ ಎಲ್ಲಿ ಕಲಿಯೋದು, ಕೊಡದೊಳಗಾ?

"ರೇವತಿ, ಇರೋನು ಒಬ್ಬ. ಹೆಂಗೆ ಕರ್ಕೊಂಡು ಹೋಗ್ತೀಯೋ ಹಂಗೇ ತಂದು ಒಪ್ಪಿಸು. ಲೇ ಮಾಳ, ನೀರು ಕಂಡ್ರೆ ಹಿಂದಕ್ಕೆ ಸರಿ!"

"ಆಗಲಿ ಅವ್ವ."

ವೆನಿಸ್ಸಲ್ಲಿ ಇಳಿದ್ರು. ಬಸ್ಸಿಲ್ಲ, ಆಟೋ ಇಲ್ಲ, ಮನೆ ಹೊಸಲಿಗೇ ನೀರು ಬಡೀತಿದೆ. ಹುಡುಗೀರು ಫೋಟೋ ತೆಗೆದ್ರು. ಮಾಳಪ್ಪ ನೀರು ಕಂಡ, ಹಿಂದಕ್ಕೆ ಸರಿದ. ಇನ್ನೂ ಸರಿದ. ಹಿಂದೆಯೂ ಕಾಲುವೆ! ಒಂದು ಕಾಲು ಗಾಳೀಲಿತ್ತು, ಅಕ್ಕ ಅಂಗಿ ಹಿಡಿದು ಎಳೆದ್ಲು.

"ಬೆನ್ನಿಗೆ ಕಣ್ಣಿದೆಯೇನೋ? ನನ್ನ ಕೈ ಹಿಡ್ಕೋ, ಏನಾದ್ರೂ ಬಿಡಬೇಡ!"

"ಆಗಲಿ ಅಕ್ಕ."

ದೋಣಿ ಬಂತು. ಅಕ್ಕ ಹತ್ತಿದ್ಲು. ದೋಣಿ ಅಲ್ಲಾಡೋದು ಕಂಡು ಮಾಳಪ್ಪನಿಗೆ ಕಾಲೇ ಏಳಲಿಲ್ಲ, ದಡದಲ್ಲೇ ನಿಂತ. ಕೈ ಮಾತ್ರ ಬಿಡಲಿಲ್ಲ. ದೋಣಿ ಹೊರಟಿತು.

"ಬಿಡೋ!"

"ಬಿಡಬೇಡ ಅಂದೆಯಲ್ಲಕ್ಕ!"

ದೋಣಿ ವಾಲಿತು, ಹುಡುಗೀರು ಕಿರುಚಿದ್ರು. ದೋಣಿಯವನು ಕಂಬಕ್ಕೆ ಹಗ್ಗ ಬಿಗಿದು ಎಲ್ಲರ ಜೀವ ಉಳಿಸಿದ. ರೇವತಿಗೆ ರೇಗಿತು. "ನನ್ನ ಮಾತು ನಿಂಗೆ ಬೇಡ ಕಣೋ ಮಾರಾಯ! ಅವ್ವ ಹೇಳಿದ್ದಷ್ಟೇ ಮಾಡು!"

"ಆಗಲಿ ಅಕ್ಕ."

ಮರುದಿನ ಬೆಳಿಗ್ಗೆ ಊರಿಗೆಲ್ಲ ಕೇಳೋ ಹಾಗೆ ಸೈರನ್ ಕೂಗಿತು. ಸಮುದ್ರ ಉಕ್ಕಿ ಬೀದಿಗೆ ಏರ್ತಿತ್ತು. ಕಿಟಕೀಲಿ ನಿಂತ ರೇವತಿ ಹೆದರಿ ಕೂಗಿದ್ಲು, "ನೀರು ಬಂತು! ನೀರು ಬಂತು!"

ಅಷ್ಟು ಸಾಕಾಯ್ತು. ಬಚ್ಚಲ ಬಕೆಟ್ ಎತ್ಕೊಂಡು ಮಾಳಪ್ಪ ಕೆಳಗೆ ಓಡಿದ! ಬೀದಿ ಎಲ್ಲಿ ಮುಗೀತು, ಕಾಲುವೆ ಎಲ್ಲಿ ಶುರು, ಒಂದೂ ಕಾಣದು. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು. ಬಕೆಟ್ ತುಂಬಿದ, ಇನ್ನೊಂದು ಹೆಜ್ಜೆ ಇಟ್ಟ. ಮಾಳಪ್ಪ ಇಲ್ಲ!

ರೇವತಿ ಡೊಳ್ಳು ಎತ್ಕೊಂಡು ಮೆಟ್ಟಿಲಿಳಿದು ಓಡಿದ್ಲು, ನೀರಿನ ಮೇಲೆ ನೂಕಿದ್ಲು. ತೇಲಿ ಹೋಯ್ತು ಡೊಳ್ಳು. ಒಂದು ಕೈ ಮೇಲೆ ಬಂತು, ಆಮೇಲೆ ಇನ್ನೊಂದು. ಡೊಳ್ಳು ತಬ್ಕೊಂಡು ತಮ್ಮ ಮೇಲೆ ಬಂದ.

ಅವನನ್ನ ಮೆಟ್ಟಿಲಿಗೆ ಎಳ್ಕೊಂಡು ಬೆನ್ನಿಗೆ ಎರಡು ಬಾರಿಸಿದ್ಲು, ಆಮೇಲೆ ತಬ್ಕೊಂಡು ಅತ್ಲು. "ಅವ್ವಂಗೆ ನಾನು ಹೆಂಗೋ ಮುಖ ತೋರಿಸ್ತಿದ್ದೆ? ನೀರು ಬಂತು ಅಂದ್ರೆ ಕೊಡ ಬಕೆಟ್ ಬಿಸಾಕಿ ಎತ್ತರಕ್ಕೆ ಹತ್ತಬೇಕು! ಪಕ್ಕದಲ್ಲಿರೋರನ್ನೂ ಎತ್ಕೊಂಡು ಹತ್ತಬೇಕು!"

"ಆ... ಆಗಲಿ ಅಕ್ಕ."

ಊರಿಗೆ ಬಂದ್ರು. ರೇವತಿ ತಮ್ಮನ್ನ ಒಪ್ಪಿಸಿದ್ಲು, ನಡೆದದ್ದು ಬಾಯಿಬಿಡಲಿಲ್ಲ. ಹಾಲಮ್ಮ ಮಗನ ಮೈದಡವಿ ನೋಡಿ ನಿಟ್ಟುಸಿರು ಬಿಟ್ಲು.

ಮಾರನೇ ದಿನ ಕೇರೀಲಿ ಕೂಗು ಎದ್ದಿತು. "ನೀರು ಬಂತು! ನೀರು ಬಂತು!"

ಹಾಲಮ್ಮ ಕೊಡ ಎತ್ತಿದ್ಲು. ಮಾಳಪ್ಪ ಕೊಡ ಕಿತ್ತು ಬಿಸಾಕಿದ, ಅವ್ವನ್ನ ಹೆಗಲಿಗೆ ಹಾಕ್ಕೊಂಡ, ಏಣಿ ಹತ್ತಿ ಮಾಳಿಗೆ ಸೇರಿದ, ಏಣೀನೂ ಮೇಲಕ್ಕೆ ಎಳ್ಕೊಂಡ!

"ಇಳಿಸೋ ಲೇ! ನೀರು ನಿಂತುಹೋಗ್ತದೆ!"

"ನಿಲ್ಲಲಿ ಅವ್ವ, ನಿಂತ ಮೇಲೇ ಇಳಿಯೋಣ. ನಿಂಗೊತ್ತಿಲ್ಲ, ಅದು ತಲೆ ಮೇಲೆ ಹೋಗ್ತದೆ."

ಅವನು ಅವ್ವನ ಸೆರಗು ಬಿಗಿಯಾಗಿ ಹಿಡ್ಕೊಂಡ. ವೆನಿಸ್ಸಲ್ಲಿ ಏನೋ ಆಗಿದೆ ಅಂತ ಹಾಲಮ್ಮಂಗೆ ಹೊಳೀತು. ಮಗನ ತಲೇನ ಎದೆಗೆ ಒತ್ಕೊಂಡು ಕೂತ್ಲು. ಕೆಳಗೆ ಕೇರಿಯೋರ ಕೊಡ ಒಂದೊಂದೇ ತುಂಬಿದ್ವು. ಅರ್ಧ ತಾಸಿಗೆ ನಲ್ಲಿ ಬುಸ್ ಅಂದು ಒಣಗಿತು.

ಮಾಳಪ್ಪ ಬಗ್ಗಿ ನೋಡಿದ. "ಹೋಯ್ತವ್ವ ನೀರು! ಉಳ್ಕೊಂಡ್ವಿ!"